ಕೆಳದಿಯ ಪಟ್ಟ: ಯಾರ ನಂತರ ಯಾರು?

ತುಮರಿಯವರು ಸಿಗಂದೂರು ಸೇತುವೆ ದಾಟಿ ಸಾಗರದ ಕಡೆ ಬಂದರೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಬಹುದು. ಗರ್ಭಗುಡಿಯೆದುರಿನ ನೆಲಗಲ್ಲಿನಲ್ಲಿ ಮೂವರು ಕೆಳದಿ ನಾಯಕರು ದೇವರಿಗೆ ಅಡ್ಡಬಿದ್ದಿದ್ದಾರೆ. ತಲೆಯ ಮೇಲೆ ಅವರವರ ಹೆಸರು ಕೆತ್ತಿದೆ. ಒಬ್ಬನ ಕೈಕಾಲಿಗೆ ಬೇಡಿ. ಅವನು ಹುಚ್ಚ ಸೋಮಶೇಖರ ಎಂದು ಲೂಯಿಸ್ ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ದೊರೆಗೇ ಬುದ್ಧಿ ಕೆಟ್ಟರೆ, ಮಕ್ಕಳಿಲ್ಲದೆ ಸತ್ತರೆ ಪಟ್ಟ ಯಾರಿಗೆ? ಕೆಳದಿ ಮನೆತನಕ್ಕೆ ಈ ಪ್ರಶ್ನೆ ಮತ್ತೆಮತ್ತೆ ಎದುರಾಯಿತು.

ಅಣ್ಣ, ತಮ್ಮ, ಚಿಕ್ಕಪ್ಪ

1500ರ ಸುಮಾರಿಗೆ ಚೌಡಪ್ಪನಾಯಕನಿಂದ ಈ ಮನೆತನದ ಆಳ್ವಿಕೆ ಶುರುವಾಯಿತು. ಅವನ ಮಗ ಸದಾಶಿವನಾಯಕ ವಿಜಯನಗರದ ಪರ ಕಾದಾಡಿ ‘ಕೋಟೆ ಕೋಲಾಹಲ’ ಎಂಬ ಬಿರುದು ಪಡೆದ. ಬಿರುದು ಮನೆತನಕ್ಕೆ ಅಂಟಿಕೊಂಡಿತು. ಪಟ್ಟ ಮಾತ್ರ ನೇರ ದಾರಿಯಲ್ಲೇ ಸಾಗಲಿಲ್ಲ. ದೊಡ್ಡ ಸಂಕಣ್ಣನಾಯಕ ತಮ್ಮ ಚಿಕ್ಕ ಸಂಕಣ್ಣನಿಗೆ ರಾಜ್ಯ ಒಪ್ಪಿಸಿ ತೀರ್ಥಯಾತ್ರೆಗೆ ಹೊರಟ. ಮಕ್ಕಳಿಲ್ಲದ ವೀರಭದ್ರನಾಯಕನ ನಂತರ 1645ರಲ್ಲಿ ಚಿಕ್ಕಪ್ಪನ ವರಸೆಯ ಶಿವಪ್ಪನಾಯಕ ಬಂದ. ಭೂಕಂದಾಯದ ‘ಶಿಸ್ತು’ ಹಾಕಿದವನು ಅವನೇ. ಅವನ ಬಳಿಕ 1660ರಲ್ಲಿ ಪಟ್ಟ ಕೂಡಲೇ ಮಗನಿಗೆ ಇಳಿಯಲಿಲ್ಲ. ಮೊದಲು ತಮ್ಮ ವೆಂಕಟಪ್ಪ, ಆಮೇಲೆ ಮಕ್ಕಳಾದ ಭದ್ರಪ್ಪ, ಸೋಮಶೇಖರ.

ರಾಣಿಯ ಕೈಗೆ

1671ರ ವೇಳೆಗೆ ಸೋಮಶೇಖರ ಕೊಲೆಯಾದಾಗ ಅವನ ರಾಣಿ ಚೆನ್ನಮ್ಮಾಜಿ ಆಳ್ವಿಕೆ ವಹಿಸಿಕೊಂಡಳು. ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಸರೆ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರುಹಾಕಿಕೊಂಡವಳು ಇವಳೇ. ರಾಜಧಾನಿ ಬಿದನೂರಿನ ವ್ಯಾಪಾರಿ ಮನೆಯ ಬಸಪ್ಪನನ್ನು ದತ್ತು ತೆಗೆದುಕೊಂಡು ಮುಂದಿನ ನಾಯಕನನ್ನಾಗಿ ಬೆಳೆಸಿದಳು. ಆ ದತ್ತುಮಗ ರಾಜ್ಯವಾಳಿದ್ದಷ್ಟೇ ಅಲ್ಲ, ‘ಶಿವತತ್ತ್ವ ರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶವನ್ನೂ ರಚಿಸಿದ.

ಬ್ರಿಟನ್ನಿನಲ್ಲಾದರೆ?

ಇದೇ ಬಸಪ್ಪ ಬ್ರಿಟನ್ನಿನ ಸರದಾರ ಮನೆತನದಲ್ಲಿದ್ದಿದ್ದರೆ ಪಟ್ಟವೇ ಸಿಗುತ್ತಿರಲಿಲ್ಲ. ಅಲ್ಲಿ ಪದವಿ ಯಾರಿಗೆ ಇಳಿಯಬೇಕೆಂದು ಅದನ್ನು ಕೊಡುವಾಗಲೇ ರಾಜಪತ್ರದಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಹಿರಿಯ ಮಗ, ಅವನ ಗಂಡುಸಂತತಿ. ಆ ಸಾಲು ಮುಗಿದರೆ ಉಳಿದ ತಮ್ಮಂದಿರ ಸಾಲು. ಯಾರೂ ಇಲ್ಲದಿದ್ದರೆ ಪದವಿಯೇ ಅಳಿಯುತ್ತದೆ. ದತ್ತುಮಗನಿಗೆ ಹಕ್ಕಿಲ್ಲ. 1919ರಲ್ಲಿ ವಂಶಪಾರಂಪರ್ಯವಾಗಿ ಲಾರ್ಡ್ ಪದವಿ ಪಡೆದ ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿನ್ಹಾ 1928ರಲ್ಲಿ ತೀರಿಕೊಂಡರು. ಅವರ ಸ್ವಂತ ಮಗನ ಹಕ್ಕನ್ನೇ ಲಾರ್ಡ್ಸ್ ಸಭೆ ಒಪ್ಪಿದ್ದು 1939ರಲ್ಲಿ.

ಸಡಿಲಿನ ಬೆಲೆ

ಕೆಳದಿಯ ಸಡಿಲ ರೂಢಿ ಮನೆತನವನ್ನು ಎರಡೂವರೆ ಶತಮಾನ ಉಳಿಸಿತು. ವಾರಸುದಾರರೆಂದು ಹೇಳಿಕೊಂಡು ಬರುವವರಿಗೂ ಅದೇ ಬಾಗಿಲಾಯಿತು. ರಾಣಿ ವೀರಮ್ಮಾಜಿಯ ದತ್ತುಮಗ ಚೆನ್ನಬಸಪ್ಪ 1757ರಲ್ಲಿ ಸತ್ತನೆಂದು ಜನ ನಂಬಿದ್ದರು. ಅವನೇ ತಾನೆಂದು ಒಬ್ಬ ಹೈದರಾಲಿಯ ಮುಂದೆ ಬಂದು ನಿಂತ. ನಿಜವೋ ಸುಳ್ಳೋ, ಹೈದರನಿಗೆ ಬೇಕಿದ್ದುದು ನೆಪ. 1763ರಲ್ಲಿ ಬಿದನೂರು ಅವನ ವಶವಾಯಿತು, ಹೆಸರು ಹೈದರನಗರವಾಯಿತು. ಹೊಸನಗರ ತಾಲ್ಲೂಕಿನ ಇಂದಿನ ನಗರ ಅದೇ. ವೀರಮ್ಮಾಜಿಯೂ ಆಕೆಯ ಇನ್ನೊಬ್ಬ ದತ್ತುಮಗ ಸೋಮಶೇಖರನೂ ಮಧುಗಿರಿ ಕೋಟೆಯಲ್ಲಿ ಸೆರೆಯಾದರು. 1767ರಲ್ಲಿ ಮರಾಠರು ಬಿಡಿಸಿದರೂ ರಾಜ್ಯ ಮರಳಲಿಲ್ಲ.

ಹೆಸರಿನ ಸೆಳೆತ ಮಾತ್ರ ಉಳಿದಿತ್ತು. 1830ರಲ್ಲಿ ಕಂದಾಯದ ಹೊರೆ ತಾಳಲಾರದೆ ನಗರ ಸೀಮೆಯ ರೈತರು ಕೂಟ ಕಟ್ಟಿದಾಗ ಬೂದಿ ಬಸಪ್ಪನೆಂಬಾತ ತಾನೇ ಕೆಳದಿಯ ವಾರಸುದಾರನೆಂದು ಮುಂದೆ ಬಂದ. ರೈತರು ಅವನ ಹಿಂದೆ ನಿಂತರು. ಮರುವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಲು ಈ ದಂಗೆಯೇ ಮುಖ್ಯ ಕಾರಣವಾಯಿತು. ರೈತರಿಗೆ ಬೇಕಿದ್ದುದು ವಂಶಾವಳಿಯ ಪುರಾವೆಯಲ್ಲ, ಶಿವಪ್ಪನಾಯಕನ ಕಾಲದಂಥ ನ್ಯಾಯದ ಕಂದಾಯ.