ಮಾರಿದ ಮೇಲೂ ಬದುಕುವ ಆ್ಯಪ್‌

ಫೋಟೊ ನೋಡುವ ಗ್ಯಾಲರಿ, ದಿನ ಗುರುತು ಹಾಕುವ ಕ್ಯಾಲೆಂಡರ್, ಕರೆ ಮಾಡುವ ಡಯಲರ್. ಇಂಥ ನಿತ್ಯದ ಕೆಲಸಗಳಿಗೆ ಜಾಹೀರಾತಿನ ಕಾಟವಿಲ್ಲದ ಆ್ಯಪ್‌ಗಳ ಗುಂಪೊಂದು ಆಂಡ್ರಾಯ್ಡ್‌ನಲ್ಲಿತ್ತು, ಸಿಂಪಲ್ ಮೊಬೈಲ್ ಟೂಲ್ಸ್ ಎಂದು. 2023ರ ಕೊನೆಯಲ್ಲಿ ಅದು ಝಿಪೋಆ್ಯಪ್ಸ್ ಎಂಬ ಕಂಪನಿಗೆ ಮಾರಾಟವಾಯಿತು. ನಂಬಿಕೊಂಡಿದ್ದವರಿಗೆ ದಿಗಿಲಾಯಿತು. ಆದರೆ ಅದರ ಸೋರ್ಸ್ ಕೋಡ್ ಜಿಪಿಎಲ್ ಪರವಾನಗಿಯಡಿ ಹೊರಬಂದಿತ್ತು. ಹಾಗೆ ಒಮ್ಮೆ ಊರಿಗೆಲ್ಲ ಕೊಟ್ಟ ಕೋಡನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅದೇ ಯೋಜನೆಯಲ್ಲಿ ದುಡಿದಿದ್ದವರೊಬ್ಬರು ಕೋಡಿನ ಪ್ರತಿ ತೆಗೆದುಕೊಂಡು ಫಾಸಿಫೈ ಎಂಬ ಹೊಸ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. ಮೂಲದಿಂದ ಹೀಗೆ ಒಡೆದ ಕವಲೇ ‘ಫೋರ್ಕ್’. ಪರವಾನಗಿಯಿಂದ ಆಗುವುದು ವಾರಸುದಾರರು ಬರಲು ದಾರಿ ತೆರೆದಿಡುವುದಷ್ಟೇ. ಮುಂದಿನದು ಜನರ ದುಡಿಮೆ.

ಬಳಸುವವರ ದುಡಿಮೆಯೂ ಅದರಲ್ಲಿ ಸೇರಿದೆ. ಮಾರಾಟದ ಜೊತೆ ಆ್ಯಪಿನ ಹೆಸರು ಮತ್ತು ಪ್ಲೇ ಸ್ಟೋರಿನ ಜಾಗ ಹೊಸ ಮಾಲೀಕರ ಕೈ ಸೇರುತ್ತವೆ. ಅಪ್‌ಡೇಟ್ ಬಂದಾಗ ಅದರ ಮೇಲಿನ ಡಿಜಿಟಲ್ ಸಹಿ ಹಳೆಯದಕ್ಕೆ ಹೊಂದುತ್ತದೆಯೇ ಎಂದು ಆಂಡ್ರಾಯ್ಡ್ ನೋಡುತ್ತದೆ. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಹಾಗಾಗಿ ಹಳೇ ಆ್ಯಪ್ ಇಟ್ಟುಕೊಂಡವರಿಗೆ ಬರುವುದು ಹೊಸ ಮಾಲೀಕರ ಅಪ್‌ಡೇಟೇ ಹೊರತು ಫಾಸಿಫೈ ಅಲ್ಲ. ಅದನ್ನು ನಾವೇ ಬೇರೆಯಾಗಿ ಹಾಕಿಕೊಳ್ಳಬೇಕು. ಹಳೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಹುಟ್ಟುಹಬ್ಬ, ಮದುವೆ, ಆಸ್ಪತ್ರೆಯ ದಿನಗಳನ್ನೆಲ್ಲ ಐಸಿಎಸ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಹೊಸದರಲ್ಲಿ ಇಂಪೋರ್ಟ್ ಒತ್ತಬೇಕು. ಕಷ್ಟದ ಕೆಲಸವೇನಲ್ಲ. ಸುದ್ದಿಯೇ ತಿಳಿಯದವರು ಮಾತ್ರ ಅಲ್ಲೇ ಉಳಿದುಬಿಡುತ್ತಾರೆ, ಅದು ನಿಜಕ್ಕೂ ನಷ್ಟ.

ಸಂಬಳವಿಲ್ಲದೆ ದುಡಿಯುವವರು ಎಷ್ಟು ದಿನ ಎಳೆದಾರು ಎಂಬ ಆಕ್ಷೇಪ ನ್ಯಾಯವಾದದ್ದೇ. ಫೈಲುಗಳನ್ನು ಫೋನು, ಕಂಪ್ಯೂಟರುಗಳ ನಡುವೆ ಹೊಂದಿಸಿಡುವ ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿಗೆ ನಿಂತಿತು. ಪ್ಲೇ ಸ್ಟೋರಿನಲ್ಲಿ ಪ್ರಕಟಿಸುವ ತೊಡಕು, ನಿರ್ವಹಣೆಗೆ ಕೈ ಸಾಲದಿರುವುದು, ಎರಡೂ ಕಾರಣ. ಆದರೆ ಅದರ ಫೋರ್ಕ್ ಅಷ್ಟರಲ್ಲಾಗಲೇ ಬಳಕೆಯಲ್ಲಿತ್ತು. ಬಳಸುವವರಿಗೆ ಹೋಗಲು ಒಂದು ನೆಲೆಯಿತ್ತು. ಮುಚ್ಚಿದ ಕೋಡಿನ ಆ್ಯಪ್ ನಿಂತರೆ ಅಂಥ ನೆಲೆಯೇ ಇರುವುದಿಲ್ಲ. ಇನ್ನು ಅಪರಿಚಿತರ ಫೋರ್ಕನ್ನು ನಂಬುವುದು ಹೇಗೆ? ಕಣ್ಣು ಮುಚ್ಚಿ ನಂಬಬಾರದು. ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರ ಪ್ರಕಟವಾದ ಕೋಡಿನಿಂದ ತಾನೇ ಆ್ಯಪ್ ಕಟ್ಟಿ ಕೊಡುತ್ತದೆ, ಅಷ್ಟರಮಟ್ಟಿಗೆ ಭರವಸೆಯುಂಟು. ಒಡೆದರೆ ಶಕ್ತಿ ಹಂಚಿಹೋಗುತ್ತದೆ ಎನ್ನುವವರು ನಕ್ಷೆಯ ಆ್ಯಪ್‌ಗಳ ಕಡೆ ನೋಡಲಿ. ಮ್ಯಾಪ್ಸ್.ಮಿಯಿಂದ ಆರ್ಗಾನಿಕ್ ಮ್ಯಾಪ್ಸ್ ಬಂತು, 2025ರಲ್ಲಿ ಆಡಳಿತದ ಭಿನ್ನಾಭಿಪ್ರಾಯದಿಂದ ಅದೂ ಒಡೆದು ಕೋಮ್ಯಾಪ್ಸ್ ಆಯಿತು. ಶಕ್ತಿ ಹಂಚಿದ್ದು ಹೌದು. ಆದರೆ ನಡೆಸುವವರು ಬಳಸುವವರ ಮಾತಿಗೆ ಕಿವಿಗೊಡಬೇಕಾದದ್ದು ಈ ಒಡೆಯುವ ಹಕ್ಕಿನಿಂದಲೇ.

ಕನ್ನಡಿಗರಿಗೂ ಇದರಲ್ಲಿ ಪಾಲಿದೆ. ಓಪನ್‌ಬೋರ್ಡ್ ಎಂಬ ಕೀಬೋರ್ಡಿನ ಕೆಲಸ ನಿಂತ ಮೇಲೆ ಅದರಿಂದ ಹೆಲಿಬೋರ್ಡ್ ಹುಟ್ಟಿತು. ಅದರಲ್ಲಿ ಕನ್ನಡದ ವಿನ್ಯಾಸವಿದೆ. ಇಂಟರ್ನೆಟ್ ಅನುಮತಿಯನ್ನೇ ಅದು ಕೇಳುವುದಿಲ್ಲವಾದ್ದರಿಂದ ಟೈಪಿಸಿದ್ದನ್ನು ತಾನಾಗಿ ಎಲ್ಲಿಗೂ ಕಳಿಸಲಾರದು. ಹೆಲಿಬೋರ್ಡ್, ಫಾಸಿಫೈ ಎರಡರ ಅನುವಾದವೂ ವೆಬ್ಲೇಟ್ ಎಂಬ ಸೌಲಭ್ಯದ ಮೂಲಕ ನಡೆಯುತ್ತದೆ. ಅಲ್ಲಿ ಕನ್ನಡಕ್ಕೆ ಒಂದೊಂದೇ ಸಾಲು ತರಲು ಪ್ರೋಗ್ರಾಮಿಂಗ್ ಬರಬೇಕಿಲ್ಲ. ಕನ್ನಡ ಬಲ್ಲವರು ಬಿಡುವಾದಾಗ ಹತ್ತು ಸಾಲು ಮಾಡಿಕೊಡಿ.