ಜೇಡದ ಕಣ್ಣು ನೋಡೋಕೆ ಲಕ್ಷ ರೂಪಾಯಿ ಬೇಕಿಲ್ಲ

ಮ್ಯಾಕ್ರೋ ಫೋಟೊಗ್ರಫಿ ಕಾಸಿದ್ದವರ ಹವ್ಯಾಸ ಅಂತಾರೆ. ನಾನು ಒಪ್ಪಲ್ಲ. ಅಪರ್ಚರ್ ರಿಂಗ್ ಇರುವ ಹಳೆಯ 50 ಎಂಎಂ ಲೆನ್ಸನ್ನು ಉಲ್ಟಾ ಮಾಡಿ, ಕೆಲವೇ ನೂರು ರೂಪಾಯಿಯ ರಿವರ್ಸ್ ರಿಂಗ್‌ನಿಂದ ಕ್ಯಾಮೆರಾಗೆ ಕೂರಿಸಿ. ಕೀಟ ಸೆನ್ಸರ್ ಮೇಲೆ ಹೆಚ್ಚೂಕಮ್ಮಿ ನಿಜಗಾತ್ರದಲ್ಲೇ ಮೂಡುತ್ತೆ. ಫೋಕಸ್ ಸಿಗೋದು ಒಂದೆರಡು ಮಿಲಿಮೀಟರ್‌ನಷ್ಟೇ. ಹಾಗಾಗಿ ಕ್ಯಾಮೆರಾವನ್ನೇ ನಿಧಾನಕ್ಕೆ ಹಿಂದೆ ಮುಂದೆ ಸರಿಸಬೇಕು.

ಇದ್ಯಾಕೆ ಮುಖ್ಯ? 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ಜೊತೆ ಕೂತು ಆ ಊರಿನ ಜೀವವೈವಿಧ್ಯವನ್ನು ದಾಖಲಿಸಬೇಕು. ಹುಲಿ, ಆನೆ ಎಲ್ಲರ ಕಣ್ಣಿಗೂ ಬೀಳ್ತವೆ. ಕೆರೆದಂಡೆಯ ಏರೋಪ್ಲೇನ್ ಚಿಟ್ಟೆಗೆ ಸಾಕ್ಷಿ ಯಾರು? ದಿನಾಂಕ, ಜಾಗದ ಸಮೇತ ಫೋಟೊವನ್ನು ಐನ್ಯಾಚುರಲಿಸ್ಟ್‌ಗೆ ಹಾಕಿ, ಸಮಿತಿಗೂ ಕೊಡಿ. ಆಮೇಲೆ ಆ ಕೆರೆದಂಡೆಯನ್ನು ‘ಖಾಲಿ ಜಾಗ’ ಅಂತ ಫೈಲಿನಲ್ಲಿ ಬರೆಯೋದು ಸುಲಭವಲ್ಲ.