ಹಳೆಯ ಮೋಟಾರಿಗೆ ಬೇರೆ ಇಂಜಿನ್ನು

ನೆರೂಳಿನಿಂದ ಖಾಡಿಯನ್ನು ದಾಟಿ ಮುಂಬಯಿಗೆ ಹೋದರೆ ಹಿಂದೆಲ್ಲ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು ಸಾಲುಗಟ್ಟಿ ನಿಂತಿರುತ್ತಿದ್ದುದನ್ನು ವಿದ್ಯಾರ್ಥಿಗಳು ಹಿರಿಯರಿಂದ ಕೇಳಿರಬಹುದು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂದು ತಯಾರಾಗುತ್ತಿದ್ದ ಈ ಬಂಡಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರಿನಲ್ಲಿ ತೀರಿತು. ಇವುಗಳಲ್ಲಿ ಅನೇಕವು ಹುಟ್ಟುವಾಗ ಇದ್ದ ಇಂಜಿನ್ನಿನಿಂದಲೇ ಕೊನೆಯವರೆಗೆ ಓಡಿದವಲ್ಲ. ಇಂಜಿನ್ನನ್ನು ಬದಲಿಸುವುದೆಂದರೆ ಏನೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಪದ್ಮಿನಿಯದು 1089 ಘನ ಸೆಂಟಿಮೀಟರಿನ ಪೆಟ್ರೋಲ್ ಇಂಜಿನ್ನು. ಪೆಟ್ರೋಲು ದುಬಾರಿ, ಡೀಸೆಲ್ಲು ಅಗ್ಗ. ಬೆಳಗಿನಿಂದ ರಾತ್ರಿಯವರೆಗೆ ಬಂಡಿ ಓಡಿಸಿ ಸಂಸಾರ ಸಾಗಿಸುವವನಿಗೆ ಈ ಅಂತರವೇ ಮಕ್ಕಳ ಶಾಲೆಯ ಶುಲ್ಕವಾಗಬಲ್ಲದು. ಆದುದರಿಂದ ಹಲವರು ಡೀಸೆಲ್ ಇಂಜಿನ್ನನ್ನು ಕೂಡಿಸಿಕೊಂಡರು.

ಆದರೆ ಬೋಲ್ಟು ಬಿಗಿದ ಮಾತ್ರಕ್ಕೆ ಕೆಲಸ ಮುಗಿಯದು. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿಯಿಂದ ಬೆಂಕಿ ಹೊತ್ತುತ್ತದೆ. ಡೀಸೆಲ್ಲಿನಲ್ಲಾದರೋ ಕಿಡಿಯೇ ಇಲ್ಲ; ಗಾಳಿಯನ್ನು ಸುಮಾರು ಇಪ್ಪತ್ತು ಪಟ್ಟು ಅಮುಕಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಉರಿಯುತ್ತದೆ. ಆ ಒತ್ತಡವನ್ನು ತಾಳಲು ಇಂಜಿನ್ನು ಗಟ್ಟಿಯಾಗಿರಬೇಕು, ಎಂದರೆ ಭಾರವಾಗಿರಬೇಕು. ಭಾರ ಹೆಚ್ಚಿದೊಡನೆ ಮುಂದಿನ ಸ್ಪ್ರಿಂಗು ಕುಗ್ಗುತ್ತದೆ, ಬ್ರೇಕಿಗೆ ಹೆಚ್ಚು ಕೆಲಸ ಬೀಳುತ್ತದೆ, ನಡುಕಕ್ಕೆ ರಬ್ಬರಿನ ಆಸರೆಗಳು ಬೇಗನೆ ಸವೆಯುತ್ತವೆ. ಇಂಜಿನ್ನಿನ ದಂಡವೂ ಗೇರ್‌ಬಾಕ್ಸಿನ ದಂಡವೂ ಒಂದೇ ಸರಳರೇಖೆಯಲ್ಲಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಕೂಗತೊಡಗುತ್ತದೆ. ಮೇಲಾಗಿ ಡೀಸೆಲ್ ಇಂಜಿನ್ನು ನಿಧಾನವಾಗಿ ತಿರುಗುವ ಜಾತಿಯದು. ವೇಗವಾಗಿ ತಿರುಗುವ ಪೆಟ್ರೋಲ್ ಇಂಜಿನ್ನಿಗೆಂದು ಗೊತ್ತುಮಾಡಿದ ಹಲ್ಲುಗಾಲಿಗಳೇ ಉಳಿದರೆ, ಬಯಲುದಾರಿಯಲ್ಲಿ ಅದು ಅರಚುತ್ತದೆಯೇ ಹೊರತು ಬಂಡಿ ಮುಂದೋಡದು. ಒಳ್ಳೆಯ ಮಿಸ್ತ್ರಿಯ ಬೆಲೆ ತಿಳಿಯುವುದು ಇಲ್ಲಿಯೇ.

ಕಾನೂನಿನ ಮಾತೂ ಉಂಟು. ನೋಂದಣಿ ಪತ್ರದಲ್ಲಿ ಇಂಜಿನ್ನಿನ ಸಂಖ್ಯೆಯೂ ಇಂಧನದ ಹೆಸರೂ ಬರೆದಿರುತ್ತವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಆರ್‌ಟಿಓ ಕಚೇರಿಯ ಒಪ್ಪಿಗೆಯಿಲ್ಲದೆ ಇವುಗಳನ್ನು ಸುಳ್ಳಾಗಿಸುವ ಮಾರ್ಪಾಡು ಸಲ್ಲದು. ಕದ್ದ ಇಂಜಿನ್ನು ಹೊಸ ಒಡಲಿನಲ್ಲಿ ಅಡಗಿಕೊಳ್ಳಬಾರದಲ್ಲವೆ!

ಅಗ್ಗದ ಡೀಸೆಲ್ಲಿನ ಲೆಕ್ಕದಲ್ಲಿ ಹೊಗೆಯನ್ನು ಯಾರೂ ಸೇರಿಸಿರಲಿಲ್ಲ. ಅದನ್ನು ಸೇರಿಸಿದುದು ನ್ಯಾಯಾಲಯ. 2000ದ ಆಸುಪಾಸಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಆದೇಶಗಳಿಂದಾಗಿ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿ ಅನಿಲಕ್ಕೆ ತಿರುಗಬೇಕಾಯಿತು. ಇಲ್ಲೊಂದು ವಿಚಿತ್ರವನ್ನು ಗಮನಿಸಿರಿ. ಪೆಟ್ರೋಲ್ ಇಂಜಿನ್ನನ್ನು ಉಳಿಸಿಕೊಂಡವನಿಗೆ ಅನಿಲದ ಕಿಟ್ಟೊಂದನ್ನು ಕೂಡಿಸಿದರೆ ಸಾಕು, ಏಕೆಂದರೆ ಅನಿಲವೂ ಕಿಡಿಯಿಂದಲೇ ಹೊತ್ತುತ್ತದೆ. ಡೀಸೆಲ್ಲಿಗೆ ಬದಲಿಸಿದ್ದವನ ಬಳಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ಅವನು ಮೊದಲು ಕಿಡಿಯ ಇಂಜಿನ್ನನ್ನು ಮರಳಿ ತರಬೇಕು, ಆಮೇಲೆ ಕಿಟ್ಟು. ಎರಡು ಸಲ ಖರ್ಚು! ಅನಿಲದ ಉಕ್ಕಿನ ಉರುಳೆ ಡಿಕ್ಕಿಯನ್ನು ಆಕ್ರಮಿಸಿತು. ಪ್ರಯಾಣಿಕರ ಹಾಸಿಗೆ-ಪೆಟ್ಟಿಗೆಗಳು ಛಾವಣಿಯ ಕ್ಯಾರಿಯರನ್ನೇರಿದವು.